ಶೋಡೌನ್ ಓಯು ಲ್ಯಾಡರ್‌ನಲ್ಲಿ 1100 ದಾಟೋಕೇ ಆಗುತ್ತಿಲ್ಲ, ತಂಡ ನೋಡಿ ಬಯ್ಯಿರಿ

ಬೆಣ್ಣೆದೋಸೆ_ಡ್ರ್ಯಾಗನ್
ನಮಸ್ಕಾರ ಎಲ್ಲರಿಗೂ. ಪೋಕೆಮಾನ್ ಶೋಡೌನ್‌ನಲ್ಲಿ (ಆನ್‌ಲೈನ್ ಪೋಕೆಮಾನ್ ಕಾದಾಟದ ತಾಣ) ಜೆನ್ 9 ಓಯು, ಅಂದರೆ ಒಂಬತ್ತನೇ ಪೀಳಿಗೆಯ ಹೆಚ್ಚು ಬಳಕೆಯ ಪೋಕೆಮಾನ್‌ಗಳ ವಿಭಾಗ, ಆಡುತ್ತಿದ್ದೇನೆ. ಲ್ಯಾಡರ್ ಅನ್ನೋ ಶ್ರೇಯಾಂಕ ಪಟ್ಟಿಯಲ್ಲಿ ರೇಟಿಂಗ್ 1000ದಿಂದ ಶುರು ಅಲ್ವಾ, 1100ರ ಹತ್ತಿರ ಹೋಗುತ್ತೇನೆ, ಮತ್ತೆ ಜಾರಿ ಕೆಳಗೆ ಬರುತ್ತೇನೆ. ನನ್ನ ತಂಡ: ಚಾರಿಜಾರ್ಡ್, ಗಾರ್ಚಾಂಪ್, ಗೆಂಗಾರ್, ಗ್ರೆನಿಂಜಾ, ಲುಕಾರಿಯೋ, ಡ್ರ್ಯಾಗನೈಟ್. ಆರೂ ಜೋರಾಗಿ ಹೊಡೆಯುವಂಥವೇ. ಎಲ್ಲದಕ್ಕೂ ಹೊಡೆತದ ಬಲ ಏರಿಸುವ ಲೈಫ್ ಆರ್ಬ್ ಕೊಟ್ಟಿದ್ದೇನೆ. ಇವಿ (ಬಲ, ವೇಗದಂಥ ಸ್ಟ್ಯಾಟ್‌ಗಳಿಗೆ ಹಂಚುವ ಪಾಯಿಂಟ್) ಮಾತ್ರ ಸಮಪಾಲು, ಆರು ಸ್ಟ್ಯಾಟ್‌ಗೂ 85. ಯಾವುದರಲ್ಲೂ ಕೊರತೆ ಆಗಬಾರದು ಅಂತ.

ಆದರೂ ಕೊನೆಗೆ ಆ ಕಿಂಗ್ಯಾಂಬಿಟ್ ಬರುತ್ತದೆ, ನನ್ನ ಕಡೆ ಉಳಿದವರನ್ನೆಲ್ಲ ಗುಡಿಸಿ ಹಾಕುತ್ತದೆ. ಏನು ತಪ್ಪಾಗಿದೆ ಹೇಳಿ. ಒಂದೇ ಷರತ್ತು, ಡ್ರ್ಯಾಗನೈಟ್ ತೆಗೆಯುವುದಿಲ್ಲ.

ಕರಾವಳಿ_ಕ್ರಿಟ್
ಸಮಪಾಲು 85 ಅಂತ ಓದಿ ಚಹಾ ನೆತ್ತಿಗೇರಿತು ಮಾರಾಯ್ರೆ.

ಲೆಕ್ಕದ_ಮೇಷ್ಟ್ರು
ನಗಬೇಡಿ, ಎಲ್ಲರೂ ಶುರುವಿನಲ್ಲಿ ಹಾಗೇ ಹಂಚುತ್ತಾರೆ. ಒಟ್ಟು 510 ಇವಿ, ಒಂದು ಸ್ಟ್ಯಾಟ್‌ಗೆ ಹೆಚ್ಚೆಂದರೆ 252. 100ನೇ ಲೆವೆಲ್‌ನಲ್ಲಿ 4 ಇವಿಗೆ 1 ಪಾಯಿಂಟ್. ಅಂದರೆ 85 ಕೊಟ್ಟಲ್ಲೆಲ್ಲ ಕೊನೆಯ 1 ದಂಡ. ಅದು ಹಾಳಾಗಿ ಹೋಗಲಿ. ದೊಡ್ಡ ನಷ್ಟ ವೇಗದಲ್ಲಿ. ಗಾರ್ಚಾಂಪ್‌ಗೆ ವೇಗ ಏರಿಸುವ ಜಾಲಿ ನೇಚರ್ (ಸ್ವಭಾವ) ಜೊತೆ 252 ಸ್ಪೀಡ್ ಕೊಟ್ಟರೆ 333 ಬರುತ್ತದೆ. ಗ್ರೇಟ್ ಟಸ್ಕ್ ಎಷ್ಟೇ ಮಾಡಿದರೂ ತನ್ನ ಇವಿ, ನೇಚರ್ ಬಲದಲ್ಲಿ 300 ದಾಟುವುದಿಲ್ಲ. ಅಂದರೆ ಗಾರ್ಚಾಂಪ್ ಮೊದಲು ಹೊಡೆಯಬೇಕು. ನಿಮ್ಮ ಸಮಪಾಲಿನ ಗಾರ್ಚಾಂಪ್ ಅದಕ್ಕೂ ಹಿಂದೆ ಬೀಳುತ್ತದೆ.

ಇನ್ನೊಂದು ಮಾತು. ಗೆಂಗಾರ್ ಸ್ಪೆಷಲ್ ಹೊಡೆತದ್ದು. ಅದರ ಅಟ್ಯಾಕ್‌ಗೆ ಇವಿ ಯಾಕೆ? ಅಲ್ಲಿ ಐವಿ (ಹುಟ್ಟು ಸಾಮರ್ಥ್ಯ) ಕೂಡ 0 ಇಡುತ್ತಾರೆ, ನಮ್ಮದೇ ಅಟ್ಯಾಕ್ ಬಳಸಿ ಹೊಡೆಯುವ ಫೌಲ್ ಪ್ಲೇ ಬಿದ್ದಾಗ ಪೆಟ್ಟು ಕಡಿಮೆ ಆಗಲಿ ಅಂತ.

ಬೆಣ್ಣೆದೋಸೆ_ಡ್ರ್ಯಾಗನ್
ಓಹೋ. ಹಾಗಾದರೆ ಎಲ್ಲರಿಗೂ 252 ಹೊಡೆತ, 252 ಸ್ಪೀಡ್, 4 ಎಲ್ಲಾದರೂ. ಅಷ್ಟು ಮಾಡಿದರೆ ಸಾಕಾ?

ಮಲೆನಾಡ್_ಮಳೆ
ಸಾಕಾಗಲ್ಲ. ಇವಿ ಸರಿ ಮಾಡಿದರೂ ಈ ತಂಡ ಸೋಲುತ್ತದೆ.

ಎದುರಿನವರು ಹೊಡೆಯುವಾಗ ನೀವು ಯಾರನ್ನು ಒಳಗೆ ತರುತ್ತೀರಿ? ತಂಡ ಕಟ್ಟುವುದು ಅಂದರೆ ಮುಕ್ಕಾಲು ಪಾಲು ಈ ಒಂದು ಪ್ರಶ್ನೆ. ಐಸ್ ಬೀಮ್ ಬಂತು ಅನ್ನಿ. ಗಾರ್ಚಾಂಪ್, ಡ್ರ್ಯಾಗನೈಟ್ ಇಬ್ಬರಿಗೂ 4 ಪಟ್ಟು. ಗ್ರೆನಿಂಜಾ, ಲುಕಾರಿಯೋ ತಡೆಯುತ್ತಾರೆ, ಲೆಕ್ಕಕ್ಕೆ ಸರಿ. ಆದರೆ ಇಬ್ಬರದೂ ತೆಳು ಮೈ, ಮೇಲಿಂದ ಲೈಫ್ ಆರ್ಬ್ ಪ್ರತಿ ಹೊಡೆತಕ್ಕೆ 10% ಕಿತ್ತುಕೊಳ್ಳುತ್ತದೆ. ಒಂದು ಸಲ ಒಳಗೆ ಬರಬಹುದು. ಎರಡನೇ ಸಲಕ್ಕೆ ಜೀವ ಇರುವುದಿಲ್ಲ. ಮೂನ್‌ಬ್ಲಾಸ್ಟ್ ಬಂತು ಅನ್ನಿ. ಗಾರ್ಚಾಂಪ್, ಡ್ರ್ಯಾಗನೈಟ್, ಗ್ರೆನಿಂಜಾ ಮೂರಕ್ಕೂ ಜೋರು ಪೆಟ್ಟು.

ಇನ್ನು ಕಲ್ಲು. ಎದುರಿನವರು ಮೊದಲ ಟರ್ನ್‌ನಲ್ಲೇ ಸ್ಟೆಲ್ತ್ ರಾಕ್ (ಒಳಗೆ ಬಂದವರಿಗೆಲ್ಲ ಚುಚ್ಚುವ ಕಲ್ಲು) ಹಾಕುತ್ತಾರೆ. ಚಾರಿಜಾರ್ಡ್ ಒಳಗೆ ಕಾಲಿಟ್ಟ ಕೂಡಲೇ ಅರ್ಧ ಜೀವ ಹೋಯಿತು. ಡ್ರ್ಯಾಗನೈಟ್‌ಗೆ ಕಾಲು ಭಾಗ, ಜೊತೆಗೆ ಮಲ್ಟಿಸ್ಕೇಲ್ ಕೆಲಸಕ್ಕೆ ಬಾರದ ಹಾಗೆ ಆಯಿತು, ಅದು ಪೂರ್ತಿ ಜೀವ ಇದ್ದರೆ ಮಾತ್ರ ಪೆಟ್ಟನ್ನು ಅರ್ಧ ಮಾಡೋದು. ನಿಮ್ಮಲ್ಲಿ ಕಲ್ಲು ತೆಗೆಯುವವರು ಯಾರೂ ಇಲ್ಲ. ಕಲ್ಲಿನ ಪೆಟ್ಟು ತಪ್ಪಿಸುವ ಬೂಟ್ಸ್ ಇಲ್ಲ. ಅಂದರೆ ಆಟ ಶುರುವಾಗುವ ಮೊದಲೇ ಮುಕ್ಕಾಲು ಪೋಕೆಮಾನ್ ಕಳೆದುಕೊಂಡು ಕೂತಿದ್ದೀರಿ.

ರಾತ್ರಿ_ಗೆಂಗಾರ್
ಅಕ್ಕಾ, ಅಷ್ಟೇನೂ ಕೆಟ್ಟದಿಲ್ಲ. ಭೂಕಂಪದ ಹೊಡೆತಕ್ಕೆ ಮೂರು ಜನ ಇದ್ದಾರಲ್ಲ. ಚಾರಿಜಾರ್ಡ್, ಡ್ರ್ಯಾಗನೈಟ್ ಹಾರುತ್ತವೆ. ಗೆಂಗಾರ್‌ಗೆ ಲೆವಿಟೇಟ್.

ಕರಾವಳಿ_ಕ್ರಿಟ್
ಹೆಸರಲ್ಲೇ ಗೆಂಗಾರ್ ಇಟ್ಟುಕೊಂಡು ಇದು ಗೊತ್ತಿಲ್ವಾ? 2016ರಲ್ಲಿ ಸನ್ ಮತ್ತು ಮೂನ್ ಬಂದಾಗಲೇ ಲೆವಿಟೇಟ್ ಹೋಯಿತು. ಈಗ ಕರ್ಸ್ಡ್ ಬಾಡಿ. ಭೂಕಂಪ ಬಿದ್ದರೆ ಎರಡು ಪಟ್ಟು.

ರಾತ್ರಿ_ಗೆಂಗಾರ್
ಮೈ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ, ಕಾಲು ನೆಲಕ್ಕೆ ತಾಗುವುದೇ ಇಲ್ಲ. ಆದರೂ ಭೂಕಂಪ ತಾಗುತ್ತದಂತೆ. ಯಾವ ನ್ಯಾಯ ಇದು.

ಸ್ಟಾಲ್_ಶೆಟ್ರು
ಡೊಂಡೊಝೊ, ಬ್ಲಿಸ್ಸಿ, ಕಾರ್ವಿನೈಟ್, ಗ್ಲೈಸ್ಕೋರ್, ಟಾಕ್ಸಪೆಕ್ಸ್, ಕ್ಲಾಡ್‌ಸೈರ್. ಎಲ್ಲವೂ ಪೆಟ್ಟು ತಡೆಯುವಂಥವು. ಹಾಕಿ ಕೂತ್ಕೊಳ್ಳಿ. ಯಾರು ಹೊಡೆದರೇನು, ಯಾರು ಬಿಟ್ಟರೇನು.

ಕರಾವಳಿ_ಕ್ರಿಟ್
ಶೆಟ್ರೇ, ನಿಮ್ಮ ಜೊತೆ ಒಂದು ಆಟ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಊಟ ಆಗಿ ಪಾತ್ರೆ ತೊಳೆದಿಟ್ಟಿರುತ್ತಾರೆ.

ಸ್ಟಾಲ್_ಶೆಟ್ರು
ಅವಸರ ನಿಮ್ಮದು, ರೇಟಿಂಗ್ ನನ್ನದು.

ಜೋಳದರೊಟ್ಟಿ_ಗದಗ
ನನ್ನ ಅಭಿಪ್ರಾಯ ಬೇರೆ ಐತಿ. ಇಷ್ಟದ ಪೋಕೆಮಾನ್ ಬಿಟ್ಟು ಎಲ್ಲರೂ ಆಡೋದನ್ನೇ ಆಡಬೇಕಂದ್ರ ಆಟ ಯಾಕ ಬೇಕು? 2014ರ ವಿಶ್ವ ಚಾಂಪಿಯನ್‌ಶಿಪ್ ನೆನಪು ಮಾಡಿಕೊಳ್ಳಿ. ಕೊರಿಯಾದ ಸೆ ಜುನ್ ಪಾರ್ಕ್ ಪಚಿರಿಸು ತಗೊಂಡು ಗೆದ್ದ. ಪಚಿರಿಸು! ಅಳಿಲು! ಯಾರೂ ಕ್ಯಾರೇ ಅನ್ನದ ಅಳಿಲು.

ಡಬಲ್ಸ್_ದೀಪಾ
ಈ ಕಥೆ ಪ್ರತಿ ಸಲ ಬರುತ್ತದೆ, ಪ್ರತಿ ಸಲ ಅರ್ಧ ಮಾತ್ರ ಬರುತ್ತದೆ. ಪಾರ್ಕ್ ಅದನ್ನು ಮುದ್ದಾಗಿದೆ ಅಂತ ಮಾತ್ರ ತಂದಿರಲಿಲ್ಲ. ಅವರ ತಂಡದಲ್ಲಿ ಗ್ಯಾರಡೋಸ್ ಇತ್ತು, ಅದಕ್ಕೆ ಎಲೆಕ್ಟ್ರಿಕ್ ಅಂದರೆ ಆಗಲ್ಲ. ಪಚಿರಿಸುವಿಗೆ ವೋಲ್ಟ್ ಅಬ್ಸಾರ್ಬ್, ಎಲೆಕ್ಟ್ರಿಕ್ ಹೊಡೆತ ಬಿದ್ದರೆ ಜೀವ ಏರುತ್ತದೆ. ಫಾಲೋ ಮಿ ಹಾಕಿದರೆ ಎದುರಾಳಿಯ ಹೊಡೆತ ಅದರ ಮೇಲೆ ತಿರುಗುತ್ತದೆ. ಗ್ಯಾರಡೋಸ್ ಪಕ್ಕದಲ್ಲಿ ನಿಂತು ಆರಾಮಾಗಿ ಕೆಲಸ ಮುಗಿಸುತ್ತದೆ. ಅಳಿಲಿಗೆ ಆ ತಂಡದಲ್ಲಿ ಒಂದು ಕೆಲಸ ಇತ್ತು, ಅದನ್ನು ಬೇರೆ ಯಾರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಬೆಣ್ಣೆದೋಸೆಯವರ ಚಾರಿಜಾರ್ಡ್‌ಗೆ ಏನು ಕೆಲಸ ಇದೆ?

ಇನ್ನೊಂದು, ಅದು ಡಬಲ್ಸ್. ಆರರಲ್ಲಿ ನಾಲ್ಕನ್ನು ಆರಿಸಿ, ಇಬ್ಬಿಬ್ಬರನ್ನು ಇಳಿಸಿ ಆಡುವುದು. ಓಯು ಆರಕ್ಕೆ ಆರು ಸಿಂಗಲ್ಸ್. ಇಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಫಾಲೋ ಮಿ ಹಾಕಿ ಪ್ರಯೋಜನ ಇಲ್ಲ.

ಜೋಳದರೊಟ್ಟಿ_ಗದಗ
ಅಕ್ಕಾರ, ನಾನೂ ಅದನ್ನೇ ಹೇಳಿದ್ದು. ಕೆಲಸ ಕೊಟ್ಟರ ಯಾವ ಪೋಕೆಮಾನ್ ಆದರೂ ನಡೀತದ.

ಡಬಲ್ಸ್_ದೀಪಾ
ಯಾವುದಾದರೂ ನಡೆಯಲ್ಲ. ಕೆಲಸ ಸಿಗದ ಪೋಕೆಮಾನ್‌ಗಳು ನೂರಾರು ಇವೆ.

ಬೆಣ್ಣೆದೋಸೆ_ಡ್ರ್ಯಾಗನ್
ಜಗಳ ಆಡಿ, ಪರವಾಗಿಲ್ಲ, ಆದರೆ ನನಗೆ ಉತ್ತರ ಸಿಗಲಿ. ಚಾರಿಜಾರ್ಡ್ ಹೋಗಬೇಕು ಅಂತ ಅರ್ಥ ಆಯಿತು. ಅದರ ಜಾಗಕ್ಕೆ ಯಾರು?

ಮಲೆನಾಡ್_ಮಳೆ
ಒಂದನ್ನು ತೆಗೆದು ಇನ್ನೊಂದು ಹಾಕುವುದಲ್ಲ. ಡ್ರ್ಯಾಗನೈಟ್ ಬಿಡಲ್ಲ ಅಂದಿರಿ, ಒಳ್ಳೆಯದೇ ಆಯಿತು. ಖಾಲಿ ಹಾಳೆಯಲ್ಲಿ ಅದೊಂದನ್ನೇ ಬರೆಯಿರಿ. ಸೆಟ್: ಡ್ರ್ಯಾಗನ್ ಡ್ಯಾನ್ಸ್ (ಹೊಡೆತ, ವೇಗ ಎರಡೂ ಏರಿಸುವ ಕುಣಿತ), ಎಕ್ಸ್‌ಟ್ರೀಮ್ ಸ್ಪೀಡ್ (ಮೊದಲೇ ಬೀಳುವ ನಾರ್ಮಲ್ ಹೊಡೆತ), ಅರ್ಥ್‌ಕ್ವೇಕ್ (ಅದೇ ಭೂಕಂಪ), ರೂಸ್ಟ್ (ಜೀವ ತುಂಬಿಸುವುದು). ಕಾಲಿಗೆ ಬೂಟ್ಸ್. ಟೆರಾ (ಆಟಕ್ಕೆ ಒಮ್ಮೆ ಒಬ್ಬರ ಟೈಪ್ ಬದಲಿಸುವುದು) ನಾರ್ಮಲ್. ಟೆರಾ ಆದ ಕೂಡಲೇ ಐಸ್ ಭಯ ಹೋಗುತ್ತದೆ, ಎಕ್ಸ್‌ಟ್ರೀಮ್ ಸ್ಪೀಡ್‌ಗೆ ಒಂದೂವರೆ ಪಟ್ಟು ಬಲ ಬರುತ್ತದೆ.

ಈಗ ಎದುರಾಳಿ ಜಾಗದಲ್ಲಿ ಕೂತು ಯೋಚಿಸಿ. ಈ ಡ್ರ್ಯಾಗನೈಟನ್ನು ಯಾರು ನಿಲ್ಲಿಸುತ್ತಾರೆ? ಒಂದು, ಡೊಂಡೊಝೊ. ಅದಕ್ಕೆ ಅನ್‌ಅವೇರ್, ನೀವು ಎಷ್ಟು ಸಲ ಕುಣಿದರೂ ಲೆಕ್ಕಕ್ಕಿಲ್ಲ. ಎರಡು, ಕಾರ್ವಿನೈಟ್. ಭೂಕಂಪ ತಾಗಲ್ಲ, ನಾರ್ಮಲ್ ಹೊಡೆತ ಅರ್ಧ. ಮೂರು, ಬಲೂನ್ ಹಿಡಿದ ಘೋಲ್ಡೆಂಗೋ. ಗೋಸ್ಟ್ ಆದ್ದರಿಂದ ಎಕ್ಸ್‌ಟ್ರೀಮ್ ಸ್ಪೀಡ್ ತಾಗಲ್ಲ, ಬಲೂನ್ ಇರುವವರೆಗೆ ಭೂಕಂಪವೂ ಇಲ್ಲ. ಈ ಮೂವರನ್ನು ಮೊದಲೇ ಸುಸ್ತು ಮಾಡುವವರು ನಿಮ್ಮ ಉಳಿದ ಐದರಲ್ಲಿ ಇರಬೇಕು. ಹಾಗೆ ಒಬ್ಬೊಬ್ಬರನ್ನೇ ಸೇರಿಸಿ.

ನಾನಾದರೆ ಎರಡನೆಯದಾಗಿ ನಮ್ಮದೇ ಘೋಲ್ಡೆಂಗೋ ಹಾಕುತ್ತೇನೆ. ಸ್ಟೀಲ್ ಇರುವುದರಿಂದ ಐಸ್, ಫೇರಿ, ಡ್ರ್ಯಾಗನ್ ಹೊಡೆತಕ್ಕೆ ಅದು ಒಳಗೆ ಬರಬಹುದು. ಅದರ ಮೇಲೆ ಭೂಕಂಪ ಬಂದರೆ ಡ್ರ್ಯಾಗನೈಟ್ ಬರುತ್ತದೆ. ಒಬ್ಬರ ಬಲಹೀನತೆ ಇನ್ನೊಬ್ಬರು ಮುಚ್ಚುತ್ತಾರೆ. ಶ್ಯಾಡೋ ಬಾಲ್ ಕಾರ್ವಿನೈಟ್‌ಗೂ ಡೊಂಡೊಝೊಗೂ ಚೆನ್ನಾಗಿ ನೋಯುತ್ತದೆ.

ಲೆಕ್ಕದ_ಮೇಷ್ಟ್ರು
ಡ್ರ್ಯಾಗನೈಟ್ ನೇಚರ್ ಬಗ್ಗೆ ಯಾರೂ ಹೇಳಲಿಲ್ಲ. ಹೊಡೆತ ಏರಿಸುವ ಅಡಮಂಟ್ ಇಟ್ಟರೆ ಒಂದು ಡ್ಯಾನ್ಸ್ ಆದ ಮೇಲೆ ವೇಗ 388. ಜಾಲಿ ಇಟ್ಟರೆ 426. ಪೂರ್ತಿ ವೇಗದ ಡ್ರ್ಯಾಗಪಲ್ಟ್ 421. ಆ 5 ಪಾಯಿಂಟ್‌ಗಾಗಿಯೇ ಜಾಲಿ ಇಡುವವರಿದ್ದಾರೆ.

ಬಯಲುಸೀಮೆ_ಬೋಲ್ಟ್
ಎಕ್ಸ್‌ಟ್ರೀಮ್ ಸ್ಪೀಡ್ ಇರುವಾಗ ವೇಗ ಯಾಕೆ ಸಾರ್? ಅದು ಹೇಗೂ ಮೊದಲೇ ಹೋಗುತ್ತದೆ. ನಾನು ಅಡಮಂಟ್ ಕಡೆ.

ಲೆಕ್ಕದ_ಮೇಷ್ಟ್ರು
ಡ್ರ್ಯಾಗಪಲ್ಟ್ ಗೋಸ್ಟ್ ಅಲ್ವೇನಪ್ಪಾ? ಎಕ್ಸ್‌ಟ್ರೀಮ್ ಸ್ಪೀಡ್ ಅದಕ್ಕೆ ಎಲ್ಲಿ ತಾಗುತ್ತದೆ? ಭೂಕಂಪವನ್ನೇ ಹಾಕಬೇಕು, ಅದಕ್ಕೆ ವೇಗ ಬೇಕು.

ಬಯಲುಸೀಮೆ_ಬೋಲ್ಟ್
ಸರಿ, ಡ್ರ್ಯಾಗಪಲ್ಟ್ ಬಂದಾಗ ಮಾತ್ರ ನೀವು ಗೆದ್ದಿರಿ. ಉಳಿದ ಕಡೆ ನನ್ನ ಹೊಡೆತ ಜಾಸ್ತಿ.

ಕರಾವಳಿ_ಕ್ರಿಟ್
ಕಲ್ಲು ತೆಗೆಯೋದು ಯಾರು ಅಂತ ಇನ್ನೂ ಬಂದಿಲ್ಲ. ಕಾರ್ವಿನೈಟ್ ಡೀಫಾಗ್ ಹಾಕಿ ಅನ್ನುವವರಿಗೆ ಮೊದಲೇ ಹೇಳುತ್ತೇನೆ, ಎದುರು ಘೋಲ್ಡೆಂಗೋ ನಿಂತಿದ್ದರೆ ಡೀಫಾಗ್ ಆಗುವುದೇ ಇಲ್ಲ. ಗುಡ್ ಆ್ಯಸ್ ಗೋಲ್ಡ್ ಎಂಬ ಅದರ ಗುಣ ಡೀಫಾಗನ್ನು ತಡೆಯುತ್ತದೆ. ಕಲ್ಲು ತೆಗೆಯುವ ಇನ್ನೊಂದು ಮೂವ್ ರ್‍ಯಾಪಿಡ್ ಸ್ಪಿನ್ ನಾರ್ಮಲ್, ಗೋಸ್ಟ್‌ಗೆ ತಾಗಲ್ಲ. ಆದರೆ ಗ್ರೇಟ್ ಟಸ್ಕ್ ಸ್ಪಿನ್ ಮಾಡಲು ಬಂದರೆ ಘೋಲ್ಡೆಂಗೋ ಹೆದರುತ್ತದೆ, ಹೆಡ್‌ಲಾಂಗ್ ರಶ್ ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಎಲ್ಲಿ ನೋಡಿದರೂ ಟಸ್ಕ್. ಸ್ಪಿನ್ ಹೊಡೆದರೆ ವೇಗವೂ ಏರುತ್ತದೆ. ಕಲ್ಲು ಹಾಕುವುದು, ತೆಗೆಯುವುದು ಎರಡನ್ನೂ ಒಬ್ಬನೇ ಮಾಡುತ್ತಾನೆ.

ಬೆಣ್ಣೆದೋಸೆ_ಡ್ರ್ಯಾಗನ್
ಟಸ್ಕ್ ಎಲ್ಲರ ಹತ್ತಿರವೂ ಇದೆ. ಅದಕ್ಕೇ ಬೇಜಾರು.

ಮಲೆನಾಡ್_ಮಳೆ
ಎಲ್ಲರ ಹತ್ತಿರ ಇರುವುದಕ್ಕೇ ಅದು ಓಯು. 4.52% ಬಳಕೆ ದಾಟಿದರೆ ಓಯು. ಆ ಸಂಖ್ಯೆ ಸುಮ್ನೆ ಬಂದದ್ದಲ್ಲ, 15 ಆಟ ಆಡಿದರೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕರ್ಧ ಅನ್ನುವ ಲೆಕ್ಕ ಅದು. ಗೆಂಗಾರ್, ಚಾರಿಜಾರ್ಡ್ ಜೊತೆಗೇ ಆಡಬೇಕು ಅನ್ನಿಸಿದರೆ ಕೆಳಗಿನ ಟಿಯರ್‌ಗಳಿವೆ. ಅಲ್ಲಿ ಆಡುವುದು ಅವಮಾನ ಅಲ್ಲ. ನನಗಂತೂ ಓಯುಗಿಂತ ಅಲ್ಲೇ ಖುಷಿ ಜಾಸ್ತಿ.

ರಾತ್ರಿ_ಗೆಂಗಾರ್
ಗೆಂಗಾರ್‌ಗೆ ಓಯುದಲ್ಲಿ ಜಾಗ ಇಲ್ಲ ಅನ್ನುವವರ ಹೆಸರು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಬಸ್ಸಲ್ಲಿ_ಬ್ಯಾಟಲ್
ನಡುವೆ ಒಂದು ಪ್ರಶ್ನೆ. ಮೆಜೆಸ್ಟಿಕ್‌ನಿಂದ ಬಸ್ಸಲ್ಲಿ ಬರುತ್ತಾ ಆಡುತ್ತೇನೆ. ನೆಟ್ ಹೋಗುತ್ತದೆ, ಎದುರಿನವರು ಟೈಮರ್ ಹಾಕುತ್ತಾರೆ, ಗೆಲ್ಲುವ ಆಟ ಸೋಲುತ್ತೇನೆ. ಏನು ಮಾಡೋದು?

ಕರಾವಳಿ_ಕ್ರಿಟ್
ಬಸ್ಸಲ್ಲಿ ಕಿಟಕಿ ಆಚೆ ನೋಡಿ.

ಬಯಲುಸೀಮೆ_ಬೋಲ್ಟ್
ರ್‍ಯಾಂಡಮ್ ಬ್ಯಾಟಲ್ ಆಡಿ ಗುರು, ತಂಡ ಕಟ್ಟುವ ತಲೆನೋವೂ ಇಲ್ಲ, ಸೋತರೆ ಬೇಜಾರೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಪೋಕೆಮಾನ್ ಗೋ ಜಿಯೋ ಜೊತೆ ಇಲ್ಲಿಗೆ ಬಂದಾಗ ಕಬ್ಬನ್ ಪಾರ್ಕ್‌ನಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದವರು ಇಲ್ಲಿ ಯಾರಾದರೂ ಇದ್ದೀರಾ?

ಡಬಲ್ಸ್_ದೀಪಾ
ಇದ್ದೇನೆ. ಅದಕ್ಕೂ ಮೊದಲು ಚಿಪ್ಸ್ ಪ್ಯಾಕೆಟ್‌ನ ಟ್ಯಾಜೋ ಕೂಡಿಸಿಟ್ಟವಳು ನಾನು. ನಮ್ಮಮ್ಮ ಎಸೆದುಬಿಟ್ಟರು, ಆ ಮಾತು ಬೇಡ ಬಿಡಿ. ವಿಷಯಕ್ಕೆ ಬನ್ನಿ.

ಜೋಳದರೊಟ್ಟಿ_ಗದಗ
ಕಿಂಗ್ಯಾಂಬಿಟ್ ವಿಷಯಕ್ಕ ಬರ್ರಿ. ಮೂಲ ಪ್ರಶ್ನೆ ಅದು. ಕೊನೆಗೆ ಅದು ಬಂತಂದ್ರ ಏನು ಮಾಡಬೇಕು?

ಮಲೆನಾಡ್_ಮಳೆ
ಕೊನೆಗೆ ಬರುವ ಹಾಗೆ ಮಾಡಲೇಬಾರದು. ಅದರ ಸುಪ್ರೀಮ್ ಓವರ್‌ಲಾರ್ಡ್ ಹೇಗೆ ಅಂದರೆ, ತನ್ನ ಕಡೆ ಒಬ್ಬ ಬಿದ್ದರೆ ಹೊಡೆತ 10% ಜಾಸ್ತಿ. ಐವರು ಬಿದ್ದ ಮೇಲೆ ಬಂದರೆ 50%. ನಿಮ್ಮ ತಂಡ ಎಲ್ಲರನ್ನೂ ಹೊಡೆದು ಹೊಡೆದು ಕೊನೆಗೆ ಅದನ್ನು ಪೂರ್ತಿ ಬಲದಲ್ಲಿ ಎದುರಿಸುತ್ತಿದೆ. ಆಟದ ಮಧ್ಯದಲ್ಲಿ ಅದು ಒಮ್ಮೆ ಒಳಗೆ ಬಂದಾಗಲೇ ಜೀವ ಇಳಿಸಬೇಕು. ಫೈಟಿಂಗ್ ಹೊಡೆತ ಅದಕ್ಕೆ 4 ಪಟ್ಟು, ಟಸ್ಕ್‌ನ ಕ್ಲೋಸ್ ಕಾಂಬ್ಯಾಟ್ ಬಿದ್ದರೆ ಉಳಿಯುವುದು ಕಷ್ಟ. ಆದರೆ ಎದುರಿನವರು ಟೆರಾ ಉಳಿಸಿಕೊಂಡಿದ್ದರೆ ಹುಷಾರು. ಟೆರಾ ಫ್ಲೈಯಿಂಗ್ ಆದರೆ ಫೈಟಿಂಗ್ ಅರ್ಧ, ಗ್ರೌಂಡ್ ತಾಗುವುದೇ ಇಲ್ಲ.

ಇನ್ನು ಸಕ್ಕರ್ ಪಂಚ್. ನೀವು ಹೊಡೆಯಲು ಹೋದರೆ ಮಾತ್ರ ಅದು ಮೊದಲು ಹೊಡೆಯುತ್ತದೆ. ನೀವು ರೂಸ್ಟ್ ಹಾಕಿದರೆ, ಡ್ಯಾನ್ಸ್ ಮಾಡಿದರೆ ಅದು ವಿಫಲ. ಆರೂ ಪೋಕೆಮಾನ್‌ಗೆ ನಾಲ್ಕೂ ಹೊಡೆಯುವ ಮೂವ್ ಇಟ್ಟಿದ್ದರೆ ಈ ದಾರಿ ಮುಚ್ಚಿದ ಹಾಗೆ.

ಬೆಣ್ಣೆದೋಸೆ_ಡ್ರ್ಯಾಗನ್
ಆರಕ್ಕೂ ನಾಲ್ಕೂ ಹೊಡೆಯುವ ಮೂವ್‌ಗಳೇ ಇವೆ 😐

ಸ್ಟಾಲ್_ಶೆಟ್ರು
ಡೊಂಡೊಝೊ ಎದುರು ಕಿಂಗ್ಯಾಂಬಿಟ್ ಹೊಡೆತ ಏರಿಸುವ ಸೋರ್ಡ್ಸ್ ಡ್ಯಾನ್ಸ್ ಎಷ್ಟು ಹಾಕಿದರೂ ಅಷ್ಟೇ. ಸುಮ್ನೆ ಹೇಳಿದೆ.

ಬಯಲುಸೀಮೆ_ಬೋಲ್ಟ್
ನಿಜವಾದ ರೋಗ ಟೆರಾ. 2019ರಲ್ಲಿ ಡೈನಮ್ಯಾಕ್ಸ್ (ಪೋಕೆಮಾನ್ ದೈತ್ಯ ಆಗುವುದು) ನಿಷೇಧಿಸಿದ ಹಾಗೆ ಇದನ್ನೂ ನಿಷೇಧಿಸಬೇಕಿತ್ತು. ಎದುರಿನ ಆರೂ ಕಣ್ಣಿಗೆ ಕಾಣುತ್ತವೆ, ಆದರೆ ಯಾವುದು ಯಾವಾಗ ಯಾವ ಟೈಪ್ ಆಗುತ್ತದೆ ಅಂತ ಗೊತ್ತಿಲ್ಲ. ಇದರಲ್ಲಿ ಯೋಚನೆ ಮಾಡಿ ಆಡುವುದು ಎಲ್ಲಿ ಬಂತು?

ಡಬಲ್ಸ್_ದೀಪಾ
ಟೆರಾ ಇಲ್ಲದಿದ್ದರೆ ಅರ್ಧ ಪೋಕೆಮಾನ್‌ಗಳಿಗೆ ಬದುಕೇ ಇಲ್ಲ. ಎದುರಿನವರು ಯಾವುದನ್ನು ಉಳಿಸಿಕೊಳ್ಳುತ್ತಿದ್ದಾರೆ ಅಂತ ಗಮನಿಸಿದರೆ ಟೆರಾ ಯಾರ ಮೇಲೆ ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಅದೂ ಆಟದ ಭಾಗವೇ.

ಬಯಲುಸೀಮೆ_ಬೋಲ್ಟ್
ಅಂದಾಜು ಸರಿಯಾದರೆ ಬುದ್ಧಿ, ತಪ್ಪಿದರೆ ನಸೀಬು. ಚೆನ್ನಾಗಿದೆ.

ಕರಾವಳಿ_ಕ್ರಿಟ್
ನಸೀಬಿನ ಬಗ್ಗೆ ನನ್ನ ಹತ್ತಿರ ಮಾತಾಡಬೇಡಿ. ಕ್ರಿಟ್ (ಅದೃಷ್ಟದಿಂದ ಜೋರಾಗಿ ಬೀಳುವ ಏಟು) 24ಕ್ಕೆ 1 ಅಂತೆ. ನನ್ನ ಮೇಲೆ ಬೀಳುವಾಗ ಮಾತ್ರ ಎರಡಕ್ಕೊಂದು.

ಲೆಕ್ಕದ_ಮೇಷ್ಟ್ರು
ಕ್ರಿಟ್ ನಿಮ್ಮ ಕೈಯಲ್ಲಿಲ್ಲ. ಆದರೆ ಫೋಕಸ್ ಬ್ಲಾಸ್ಟ್ ಇಟ್ಟುಕೊಂಡು ತಪ್ಪಿತು ಅಂತ ಅಳುವುದು ನಿಮ್ಮ ಕೈಯಲ್ಲೇ ಇದೆ. 70% ಅಂದರೆ ಹತ್ತರಲ್ಲಿ ಮೂರು ಗಾಳಿಗೆ. ಡ್ಯಾಮೇಜ್ ಕ್ಯಾಲ್ಕುಲೇಟರ್ ಪಕ್ಕದ ಟ್ಯಾಬ್‌ನಲ್ಲಿ ತೆರೆದಿಡಿ. ಒಂದೇ ಹೊಡೆತ 85ರಿಂದ 100%ವರೆಗೆ 16 ಬಗೆಯಲ್ಲಿ ಬೀಳುತ್ತದೆ. ಸಾಯುತ್ತದೆ ಅಂದುಕೊಂಡದ್ದು ಯಾಕೆ ಬದುಕಿತು ಅಂತ ಅಲ್ಲಿ ನೋಡಿದರೆ ಗೊತ್ತಾಗುತ್ತದೆ.

ಜೋಳದರೊಟ್ಟಿ_ಗದಗ
ಇಷ್ಟೆಲ್ಲ ಯಾಕ, ಈ ಟಿಯರ್ ನಿಯಮ ಮಾಡೋ ತಾಣ ಸ್ಮೋಗಾನ್‌ನ್ಯಾಗ ಸ್ಯಾಂಪಲ್ ತಂಡ ಸಿಗ್ತಾವ. ಕಾಪಿ ಮಾಡಿ ಇಂಪೋರ್ಟ್ ಹೊಡೀರಿ, ಆತು.

ಡಬಲ್ಸ್_ದೀಪಾ
ಇಷ್ಟದ ಪೋಕೆಮಾನ್ ಅಂತ ಭಾಷಣ ಮಾಡಿದವರು ನೀವೇ ಅಲ್ವಾ?

ಜೋಳದರೊಟ್ಟಿ_ಗದಗ
ಇಷ್ಟ ಬೇರೆ, ಕಲಿಯೋದು ಬೇರೆ.

ಮಲೆನಾಡ್_ಮಳೆ
ಇದರಲ್ಲಿ ಗದಗದವರ ಮಾತು ಸರಿ. ಸ್ವಿಚ್ ಮಾಡಲು ಬರದವರು ಸ್ವಂತ ತಂಡ ಕಟ್ಟಿದರೆ, ಸೋತಾಗ ತಪ್ಪು ತಂಡದ್ದಾ ಆಟದ್ದಾ ಅಂತ ತಿಳಿಯುವುದಿಲ್ಲ. ಒಂದು ಸ್ಯಾಂಪಲ್ ತಂಡ ತಗೊಂಡು, ಸೋತ ಆಟಗಳ ರೀಪ್ಲೇ ಉಳಿಸಿಟ್ಟು ನೋಡಿ. ಎಲ್ಲಿ ತಪ್ಪಾಗಿ ಹೊಡೆದೆ ಅನ್ನುವುದಕ್ಕಿಂತ ಎಲ್ಲಿ ಸ್ವಿಚ್ ಮಾಡಬೇಕಿತ್ತು ಅಂತ ಹುಡುಕಿ. ಲ್ಯಾಡರ್‌ನ ಆ ಎತ್ತರದಲ್ಲಿ ಯಾರೂ ಸ್ವಿಚ್ ಮಾಡುವುದಿಲ್ಲ, ಎದುರಾಬದುರಾ ನಿಂತು ಸಾಯುವವರೆಗೆ ಹೊಡೆಯುತ್ತಾರೆ.

ಬೆಣ್ಣೆದೋಸೆ_ಡ್ರ್ಯಾಗನ್
ಸ್ಯಾಂಪಲ್ ತಂಡವೂ ಆಡುತ್ತೇನೆ. ಆದರೆ ನಿಮ್ಮ ಮಾತು ಕೇಳಿ ಒಂದು ಕಟ್ಟಿದ್ದೇನೆ, ನೋಡಿ. ಡ್ರ್ಯಾಗನೈಟ್ ಮೇಲೆ ಹೇಳಿದ ಸೆಟ್, ಜಾಲಿ. ಘೋಲ್ಡೆಂಗೋಗೆ ಬಲೂನ್. ಗ್ರೇಟ್ ಟಸ್ಕ್‌ಗೆ ಹೆಡ್‌ಲಾಂಗ್ ರಶ್, ಕ್ಲೋಸ್ ಕಾಂಬ್ಯಾಟ್, ಸ್ಪಿನ್, ಕಲ್ಲು. ಕಿಂಗ್ಯಾಂಬಿಟ್, ಇನ್ನು ನಾನೇ ಎಲ್ಲರನ್ನೂ ಗುಡಿಸುತ್ತೇನೆ. ಗ್ಯಾಲರ್ ಸ್ಲೋಕಿಂಗ್. ಆರನೆಯದು ಗ್ರೆನಿಂಜಾ, ಅದನ್ನು ಕೇಳಬೇಡಿ, ಅದು ಇರುತ್ತದೆ.

ಕರಾವಳಿ_ಕ್ರಿಟ್
ಈಗ ತಂಡದ ಹಾಗೆ ಕಾಣುತ್ತಿದೆ. ಸ್ಲೋಕಿಂಗ್ ಒಳ್ಳೆಯದು. ರೀಜೆನರೇಟರ್ ಇದೆ, ಹೊರಗೆ ಹೋದಾಗಲೆಲ್ಲ ಮೂರನೇ ಒಂದು ಭಾಗ ಜೀವ ವಾಪಸ್. ಚಿಲ್ಲಿ ರಿಸೆಪ್ಷನ್ ಹಾಕಿ ಹೊರಗೆ ಹೋಗಿ, ಡ್ರ್ಯಾಗನೈಟ್‌ಗೆ ಪೆಟ್ಟು ಬೀಳದೆ ಒಳಗೆ ಬರಲು ದಾರಿ ಸಿಗುತ್ತದೆ.

ಲೆಕ್ಕದ_ಮೇಷ್ಟ್ರು
ಎರಡು ಸ್ಟೀಲ್, ಎರಡಕ್ಕೂ ಗ್ರೌಂಡ್, ಫೈರ್ ಆಗಲ್ಲ. ಗ್ರೌಂಡ್‌ಗೆ ಡ್ರ್ಯಾಗನೈಟ್, ಫೈರ್‌ಗೆ ಡ್ರ್ಯಾಗನೈಟ್, ಗ್ರೆನಿಂಜಾ. ನಡೆಯುತ್ತದೆ. ಟಸ್ಕ್‌ಗೆ ಎದುರಾಳಿಯ ವಸ್ತು ಉದುರಿಸುವ ನಾಕ್ ಆಫ್ ಇಲ್ಲದ್ದು ನನಗೆ ಸರಿ ಅನ್ನಿಸಲಿಲ್ಲ.

ಬಯಲುಸೀಮೆ_ಬೋಲ್ಟ್
ನಾಕ್ ಆಫ್ ಎಲ್ಲಿ ಇಡೋದು? ಕ್ಲೋಸ್ ಕಾಂಬ್ಯಾಟ್ ತೆಗೆದರೆ ಮತ್ತೆ ಕಿಂಗ್ಯಾಂಬಿಟ್ ಗುಡಿಸುತ್ತದೆ.

ಮಲೆನಾಡ್_ಮಳೆ
ನಾಲ್ಕೇ ಮೂವ್ ಇರುವುದು, ಏನಾದರೂ ಬಿಡಲೇಬೇಕು. ಟಸ್ಕ್ ಹಾಗೇ ಇರಲಿ. ನನಗೆ ಕಾಣುವ ತೂತು ಬೇರೆ. ಓಗರ್‌ಪಾನ್ ವೆಲ್‌ಸ್ಪ್ರಿಂಗ್ ಬಂದರೆ ಏನು ಮಾಡುತ್ತೀರಿ? ವಾಟರ್, ಗ್ರಾಸ್ ಎರಡನ್ನೂ ತಡೆಯುವುದು ಡ್ರ್ಯಾಗನೈಟ್ ಒಂದೇ, ಅದರ ಮೇಲೆ ಪ್ಲೇ ರಫ್ ಬೀಳಬಹುದು. ಡ್ರ್ಯಾಗನೈಟ್‌ಗೆ ಟೆರಾ ಮೊದಲೇ ಖರ್ಚಾಗಿದ್ದರೆ ಅದೂ ತಡೆಯಲ್ಲ, ನಾರ್ಮಲ್ ಆಗಿರುತ್ತದಲ್ಲ.

ಬೆಣ್ಣೆದೋಸೆ_ಡ್ರ್ಯಾಗನ್
ಗ್ರೆನಿಂಜಾ ಓಗರ್‌ಪಾನ್‌ಗಿಂತ ವೇಗ. ಐಸ್ ಬೀಮ್ ಇದೆ.

ಲೆಕ್ಕದ_ಮೇಷ್ಟ್ರು
ಓಗರ್‌ಪಾನ್ ವೆಲ್‌ಸ್ಪ್ರಿಂಗ್ ಗ್ರಾಸ್ ಜೊತೆ ವಾಟರ್ ಕೂಡ. ಐಸ್ ಹೊಡೆತ ಮಾಮೂಲಿ ಅಷ್ಟೇ, ಎರಡು ಪಟ್ಟಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, ಒಂದೇ ಏಟಿಗೆ ಬೀಳಲ್ಲ. ಗ್ರೆನಿಂಜಾಗೆ ಗಂಕ್ ಶಾಟ್ ಕೊಡಬಹುದು, ಪಾಯಿಸನ್ ಅದಕ್ಕೆ ಎರಡು ಪಟ್ಟು. ಆದರೆ 80% ಮಾತ್ರ ತಾಗುತ್ತದೆ.

ಕರಾವಳಿ_ಕ್ರಿಟ್
ತಪ್ಪಿದರೆ ನನಗೆ ರೀಪ್ಲೇ ಕಳಿಸಿ.

ರಾತ್ರಿ_ಗೆಂಗಾರ್
ಗ್ರಾಸ್ ಹೊಡೆತ ತಡೆಯುತ್ತೆ, ಸ್ಲಡ್ಜ್ ವೇವ್ ಹೊಡೆಯುತ್ತೆ, ವೇಗ 350 ಇದೆ. ಅಂಥ ಒಂದು ಪೋಕೆಮಾನ್ ನನಗೆ ಗೊತ್ತು. ಯಾರಾದರೂ ಕೇಳಿದರೆ ಹೇಳುತ್ತೇನೆ.

ಡಬಲ್ಸ್_ದೀಪಾ
ಯಾರೂ ಕೇಳಲಿಲ್ಲ.